ಸದ್ದು ಮಾಡದ ಗೂಡು

ಸಾದಲಿ,
೧೫–೧೧–೧೯೬೪, ಭಾನುವಾರ

ಪ್ರೀತಿಯ ಶಾಂತಾ,

ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡ. ನಿನ್ನ ಕಾಗದ ಆಗಸ್ಟ್ ತಿಂಗಳಲ್ಲೇ ಕೈಸೇರಿತು. ಮೂರು ತಿಂಗಳಾದರೂ ಇವಳು ಒಂದು ಸಾಲು ಬರೆಯಲಿಲ್ಲವೆಂದು ನೀನು ಆ ಗ್ಲಾಸ್ಗೋದಲ್ಲಿ ಕೂತು ಮುಖ ಊದಿಸಿಕೊಂಡಿರುತ್ತೀಯೆಂದು ನನಗೆ ಚೆನ್ನಾಗಿ ಗೊತ್ತು. ನಾಲ್ಕು ಸಲ ಬರೆಯಲು ಕೂತೆ. ನಾಲ್ಕು ಸಲವೂ ಸುತ್ತಲ ಹಳ್ಳಿಗಳಲ್ಲಿ ಯಾವಳೋ ಒಬ್ಬಳಿಗೆ ನೋವು ಕಾಣಿಸಿಕೊಂಡು, ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಲ್ಲಿಯ ಚಳಿಗೆ ನಿನ್ನ ಮೂಗು ಇನ್ನೂ ಉದುರಿಹೋಗಿಲ್ಲವೆಂದು ನಂಬಿ ಬರೆಯುತ್ತಿದ್ದೇನೆ.

ಟಪಾಲಿನ ನಲ್ಲಪ್ಪ ನಿನ್ನ ಕಾಗದ ತಂದವನು ನೇರ ನನ್ನ ಕೈಗೆ ಕೊಡುವುದು ಬಿಟ್ಟು ದಾರಿಯುದ್ದಕ್ಕೂ ರಾಣಿಯ ಸ್ಟಾಂಪನ್ನು ಊರಿಗೆಲ್ಲ ತೋರಿಸಿಕೊಂಡು ಬಂದ. ನಾನು ಲಕೋಟೆ ಒಡೆಯುವ ಹೊತ್ತಿಗೆ ಸಾದಲಿಯಲ್ಲಿ ಅರ್ಧ ಜನಕ್ಕೆ ನಿನ್ನ ಸಂಬಳದ ವಿಚಾರದಿಂದ ಹಿಡಿದು ಎಲ್ಲವೂ ಗೊತ್ತಾಗಿತ್ತು. ಒಳಗೇನಿದೆಯೆಂದು ತಿಳಿಯದೆ ಇದೆಲ್ಲ ಹೇಗೆ ತಿಳಿಯಿತೆಂದು ಕೇಳಿದರೆ, "ದಪ್ಪ ಕಾಗ್ದ ಅಲ್ವಾ ನರ್ಸಮ್ಮ, ಒಳ್ಳೇದೇ ಇರ್ತದೆ" ಎಂದ.

ದೀಪಾವಳಿಗೆ ಮುಂಚೆ ಮಂಚೇನಹಳ್ಳಿಗೆ ಹೋಗಿ ನಿಮ್ಮಮ್ಮನನ್ನು ನೋಡಿಕೊಂಡು ಬಂದೆ. ಮುನಿಗಂಗಮ್ಮನವರ ಗಂಟಲು ಇನ್ನೂ ಬೀದಿಯ ಆ ತುದಿಗೆ ಕೇಳಿಸುತ್ತದೆ, ಚಿಂತೆ ಮಾಡಬೇಡ. ಮಂಡಿ ನೋವು ಮಾತ್ರ ಹೆಚ್ಚಾಗಿದೆ. ನಿನ್ನ ತಂಗಿ ಮಂಗಮ್ಮ ಬಾಣಂತನ ಕಾಣದೆ ಹೋಗಿ ಎಂಟು ವರ್ಷವಾದರೂ ಅವಳ ಫೋಟೋಕ್ಕೆ ಒಂದು ದಿನ ಹೂವು ತಪ್ಪಿಸಿಲ್ಲ ಅಮ್ಮ. ಅವತ್ತು ಕನಕಾಂಬರ ಮುಡಿಸಿದ್ದರು. ನನ್ನ ಕೈ ಹಿಡಿದುಕೊಂಡು, "ಶಾಂತ ದೂರ ಇದ್ರೂ ನೀನಿದೀಯಲ್ಲಮ್ಮ, ಅದೇ ನಂಗೆ ಧೈರ್ಯ" ಎಂದರು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಬೇಗ ಎದ್ದು ಬಂದೆ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ಅದಕ್ಕೆ ನಾನು ಹೇಗೆ ಉಪಕಾರ ಹೇಳಲಿ, ತಿಳಿಯುವುದಿಲ್ಲ. ಆ ಕಾಗದ ಒಂದು ಜೀವ ಉಳಿಸಿತು ಕಣೇ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಉದ್ದವಾದರೆ ಡ್ಯೂಟಿ ಮುಗಿಸಿ ಓದು.

ನಮ್ಮ ಸಾದಲಿಗೆ ಎರಡು ಮೈಲಿಯಲ್ಲಿ ಒಂದು ಹಳ್ಳಿ. ಅಲ್ಲಿ ಎರ್ರಪ್ಪನೆಂದು ರೇಷ್ಮೆ ಹುಳು ಸಾಕುವ ರೈತ. ಅವನ ಹೆಂಡತಿ ಕದಿರಮ್ಮ, ಮೂವತ್ತೊಂಬತ್ತು ವಯಸ್ಸು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಮಕ್ಕಳಿಲ್ಲ. ಈ ವರ್ಷ ಸಂಕ್ರಾಂತಿಗೆ ಮುಂಚೆ ಅವಳ ಮುಟ್ಟು ನಿಂತಿತು, ಹೊಟ್ಟೆ ಬಂತು. ಅತ್ತೆ ಚಿಕ್ಕಮುನಿಯಮ್ಮ ನೆಲದ ಮೇಲೆ ಕಾಲಿಟ್ಟಿದ್ದರೆ ಕೇಳು! ಜೂನ್ ತಿಂಗಳಲ್ಲಿ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ನನ್ನ ಹತ್ತಿರ ಬಂದರು. ಹೊಟ್ಟೆ ಆರು ತಿಂಗಳಷ್ಟಿತ್ತು. ನಾನು ಮುಟ್ಟಿ ನೋಡಿದೆ, ನಮ್ಮ ಆ ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿ ಕೊಟ್ಟೆ. ಟಕ ಟಕ ಟಕ ಎಂದು ಬೇಗಬೇಗ ಬಡಿಯುವುದು ಕೇಳಿಸಿತು. "ಎದೆ ಬಡಿತ ಕೇಳಿಸ್ತಾ ಇದೆ ಚಿಕ್ಕಮುನಿಯಮ್ಮ, ಮೊಮ್ಮಗು ಗಟ್ಟಿಯಾಗಿದೆ" ಎಂದುಬಿಟ್ಟೆ. ಮುದುಕಿ ಅಲ್ಲೇ ನೆಲಕ್ಕೆ ಕೂತು ಅತ್ತಳು.

ಜುಲೈನಲ್ಲಿ ಬಳೆ ತೊಡಿಸಿದರು. ಎರಡು ಕೈಗೂ ಮೊಣಕೈವರೆಗೆ ಹಸಿರು ಬಳೆ. ನಾನೂ ಹೋಗಿ ಚಿಗುಳಿ ತಂಬಿಟ್ಟು ತಿಂದು ಬಂದೆ. ಅವಳನ್ನು ಹುಳುವಿನ ತಟ್ಟೆ ಎತ್ತಲು ಬಿಡದೆ, ಕೂತಲ್ಲೇ ಗೂಡು ಆರಿಸುವ ಕೆಲಸ ಮಾತ್ರ ಕೊಟ್ಟಿದ್ದರು.

ಆಮೇಲೆ ನಿನ್ನ ಕಾಗದ ಬಂತು. ಹೊಸ ಯಂತ್ರದ ಬಗ್ಗೆ ನೀನು ಬರೆದದ್ದನ್ನು ನಾನು ಎರಡು ಸಲ ಓದಿಕೊಂಡೆ, ಮೂರನೆಯ ಸಲ ನಮ್ಮವರಿಗೆ ಓದಿ ಹೇಳಿದೆ. ಹೊಟ್ಟೆಗೆ ಎಣ್ಣೆ ಸವರಿ, ಅದರ ಮೇಲೆ ಒಂದು ಹಿಡಿಯನ್ನು ಮೆಲ್ಲಗೆ ಆಡಿಸುತ್ತಾರೆ. ಮನುಷ್ಯರ ಕಿವಿಗೆ ನಿಲುಕದ ಸದ್ದು ಅದರಿಂದ ಒಳಗೆ ಹೋಗಿ, ಮೂಳೆಗೋ ಮಾಂಸಕ್ಕೋ ತಗುಲಿ ತಿರುಗಿ ಬರುತ್ತದೆ. ಬಂದದ್ದು ಗಾಜಿನ ಪರದೆಯ ಮೇಲೆ ಬಿಳಿ ಚುಕ್ಕೆಯಾಗಿ ಮೂಡುತ್ತದೆ. ನೀರಿರುವ ಕಡೆ ತಗುಲಲು ಏನೂ ಇಲ್ಲದ್ದರಿಂದ ಕಪ್ಪಾಗಿಯೇ ಉಳಿಯುತ್ತದೆ. ಅವಳಿಯೋ ಒಂದೋ, ಮಾಸು ಎಲ್ಲಿ ಅಂಟಿಕೊಂಡಿದೆ, ಮಗುವಿನ ತಲೆ ವಾರದಿಂದ ವಾರಕ್ಕೆ ಬೆಳೆಯುತ್ತಿದೆಯೋ ಇಲ್ಲವೋ, ಹೊಟ್ಟೆಯಲ್ಲಿರುವುದು ಗಟ್ಟಿ ಗಡ್ಡೆಯೋ ನೀರಿನ ಗಡ್ಡೆಯೋ, ಕತ್ತಿ ಹಾಕದೆ, ಕಿರಣ ಬಿಡದೆ ತಿಳಿಯುತ್ತದೆ ಎಂದು ಬರೆದಿದ್ದೆ. ಹಡಗು ಕಟ್ಟುವ ಕಡೆ ಕಬ್ಬಿಣದಲ್ಲಿ ಬಿರುಕು ಹುಡುಕುವ ಯಂತ್ರವನ್ನೇ ಡಾಕ್ಟರುಗಳು ಹೊಟ್ಟೆಗೆ ತಿರುಗಿಸಿಕೊಂಡರು ಎನ್ನುವ ಮಾತು ಓದಿ ನಾನು ನಕ್ಕೆ. ನಮ್ಮವರು ನಗಲಿಲ್ಲ. "ಬಾವಿಗೆ ಬಗ್ಗಿ ಕೂಗಿದ್ರೆ ದನಿ ವಾಪಸ್ ಬರಲ್ವೇನೇ, ಅದೇ ಇದು" ಎಂದರು. ಸ್ಕೂಲು ಮೇಷ್ಟ್ರಿಗೆ ತಿಳಿಯದ ವಿಷಯ ಲೋಕದಲ್ಲಿ ಇನ್ನೂ ಹುಟ್ಟಿಲ್ಲ.

ಜೊತೆಗೆ ನೀನಿಟ್ಟಿದ್ದ ಎರಡು ಫೋಟೋ. ಒಂದರಲ್ಲಿ ಕಪ್ಪಿನ ನಡುವೆ ಬಿಳಿ ಬಳೆಯಂಥದು, ಅದು ಮಗುವಿನ ತಲೆ. ಇನ್ನೊಂದರಲ್ಲಿ ಅಂಚು ಮಾತ್ರ ಬಿಳಿ, ಒಳಗೆಲ್ಲ ಬರೀ ಕಪ್ಪು. ಬಸುರಿಯೆಂದು ತಿಳಿದು ಬಂದ ಹೆಂಗಸೊಬ್ಬಳ ನೀರಿನ ಗಡ್ಡೆ ಅದು ಎಂದು ಫೋಟೋದ ಹಿಂದೆ ನೀನು ಬರೆದಿದ್ದೆ.

ಕೊನೆಯ ಪುಟದಲ್ಲಿ ಒಂದು ಸಾಲಿನ ಕೆಳಗೆ ಮಾತ್ರ ನೀನು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. "ಶ್ಯಾಮಲಾ, ಈ ಯಂತ್ರ ನಮ್ಮೂರ ಕಡೆ ಯಾವ ಕಾಲಕ್ಕೆ ಬರುತ್ತದೋ. ಅಲ್ಲಿಯವರೆಗೆ, ಕೊಳವೆಗೆ ಕಿವಿ ಕೊಟ್ಟಾಗ ಇನ್ನೊಂದು ಕೈಯಲ್ಲಿ ತಾಯಿಯ ನಾಡಿ ಹಿಡಿದಿರು." ಹೊಸ ವಿಷಯವೇನಲ್ಲ. ತಾಯಿಯ ನಾಡಿಯೂ ಕೊಳವೆಯಲ್ಲಿ ಕೇಳುವುದೂ ಒಂದೇ ತಾಳದಲ್ಲಿದ್ದರೆ ಅದು ಮಗುವಿನದಲ್ಲ, ತಾಯಿಯದೇ ಎಂದು ಟ್ರೈನಿಂಗಿನಲ್ಲಿ ಮೇಟ್ರನ್ ನಮ್ಮಿಬ್ಬರ ಬೆನ್ನಿಗೂ ಗುದ್ದಿ ಕಲಿಸಿದ್ದರು. ಆದರೆ ದಿನಕ್ಕೆ ಮೂರು ಹಳ್ಳಿ ತಿರುಗುವವಳಿಗೆ ಅಷ್ಟೆಲ್ಲ ಯಾಕೆ ಎಂದು ನಾನು ಆ ಅಭ್ಯಾಸವನ್ನು ಯಾವಾಗಲೋ ಬಿಟ್ಟಿದ್ದೆ. ನನ್ನ ಕಿವಿಯ ಮೇಲೆ ನನಗೆ ಅಷ್ಟು ಗರ್ವ. ಆ ಸಾಲು ಓದಿದಾಗ ಕದಿರಮ್ಮನ ನೆನಪಾಯಿತು. ಜೂನ್‌ನಲ್ಲಿ ನಾನು ಅವಳ ಕೈ ಹಿಡಿದಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಡೆದುಕೊಂಡೇ ಹೋದೆ. ಅವಳು ಪಡಸಾಲೆಯಲ್ಲಿ ಗೂಡಿನ ರಾಶಿಯ ಮುಂದೆ ಕೂತಿದ್ದಳು. ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೆಲವನ್ನು ಬುಟ್ಟಿಗೆ, ಕೆಲವನ್ನು ಪಕ್ಕಕ್ಕೆ ಹಾಕುತ್ತಿದ್ದಳು. ಒಳಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಬಲಗಡೆ ಕೊಳವೆಗೆ ಕಿವಿಯಿಟ್ಟೆ, ಎಡಗೈಯ ಮೂರು ಬೆರಳನ್ನು ಅವಳ ಮಣಿಕಟ್ಟಿಗಿಟ್ಟೆ. ಬಳೆ ಸರಿಸಿ ನಾಡಿ ಹುಡುಕಲು ಸ್ವಲ್ಪ ಹೊತ್ತಾಯಿತು. ಕಿವಿಯಲ್ಲಿ ಒಂದು, ಬೆರಳಲ್ಲಿ ಒಂದು. ಎರಡೂ ಒಂದೇ. ಅವಳು ಹೆದರಿದ್ದಳು, ಅದಕ್ಕೇ ಅಷ್ಟು ಬೇಗ ಬಡಿಯುತ್ತಿತ್ತು. ಅರ್ಧ ಗಂಟೆ ಸುಮ್ಮನೆ ಮಲಗಿರಲು ಬಿಟ್ಟು, ಅದೂ ಇದೂ ಮಾತಾಡಿ, ಮತ್ತೆ ಇಟ್ಟೆ. ಎರಡೂ ಒಟ್ಟಿಗೇ ನಿಧಾನವಾಗಿದ್ದವು. ಶಾಂತಾ, ಜೂನ್‌ನಲ್ಲಿ ನಾನು ಕೇಳಿದ್ದೂ ಅವಳದೇ ನಾಡಿ.

ಚೀಲದಿಂದ ನಿನ್ನ ಎರಡು ಫೋಟೋ ತೆಗೆದು ಅವಳ ಕೈಗೆ ಕೊಟ್ಟೆ. ಅದು ಏನು, ಎಲ್ಲಿಯದು, ಹೇಗೆ ತೆಗೆಯುತ್ತಾರೆ ಎಂದೆಲ್ಲ ಹೇಳಿದೆ. ಅವಳು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ನಂದು ಯಾವ್ದು ನರ್ಸಮ್ಮ?" ಎಂದಳು.

ನಾನು ಕಪ್ಪಗಿರುವುದನ್ನು ತೋರಿಸಿದೆ. ಅವಳು ಅಳಲಿಲ್ಲ. ಫೋಟೋವನ್ನು ಸೆರಗಿನಿಂದ ಒರೆಸಿ ವಾಪಸು ಕೊಟ್ಟಳು.

"ನಂಗೆ ಗೊತ್ತಿತ್ತಮ್ಮ. ಇಪ್ಪತ್ತು ವರ್ಷದಿಂದ ಗೂಡು ಆರಿಸ್ತಾ ಇದೀನಿ. ಒಳಗಿನ ಹುಳ ಜೀವಂತವಾಗಿದ್ರೆ ಅಲ್ಲಾಡಿಸಿದಾಗ ಸದ್ದು ಮಾಡ್ತದೆ. ಸತ್ತು ಗೂಡಿಗೆ ಅಂಟ್ಕಂಡಿದ್ರೆ ಸದ್ದಿರಲ್ಲ. ಈ ಹೊಟ್ಟೇನ ನಾನು ರಾತ್ರಿ ಹಗಲು ಅಲ್ಲಾಡಿಸಿ ನೋಡಿದೀನಿ. ಒಂದು ದಿನಾನೂ ಒದೀಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?" ಎಂದೆ.

"ನೀವು ಕೇಳಿಸ್ತು ಅಂದ್ರಲ್ಲ. ಓದಿರೋರು. ನನ್ನ ಕಿವಿಗಿಂತ ನಿಮ್ಮ ಕಿವಿ ದೊಡ್ಡದು ಅಂದ್ಕಂಡೆ."

ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಹೊರಗೆ ಬಂದು ಚಿಕ್ಕಮುನಿಯಮ್ಮನಿಗೆ, ಎರ್ರಪ್ಪನಿಗೆ ಹೇಳಿದೆ. ಹೊಟ್ಟೆಯಲ್ಲಿ ಮಗುವಿಲ್ಲ, ನೀರಿನ ಗಡ್ಡೆಯಿರುವ ಹಾಗೆ ಕಾಣುತ್ತದೆ, ತಪ್ಪು ನನ್ನದು, ಕೂಡಲೇ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು ಎಂದೆ. ಮುದುಕಿ ಎದ್ದು ನಿಂತು, "ಏಮಮ್ಮಾ, ಅವತ್ತು ಹಂಗಂದ್ರಿ, ಇವತ್ತು ಹಿಂಗಂತೀರ! ಬಳೆ ತೊಡಿಸಿದೀವಿ. ಬಾಗೇಪಲ್ಲಿವರೆಗೂ ನೆಂಟ್ರಿಗೆಲ್ಲ ಹೇಳಿದೀವಿ. ನಾವೇನು ಮುಖ ಇಟ್ಕಂಡು ತಿರುಗಾಡಣ? ಅಯ್ಯೋ ದೇವುಡಾ!" ಎಂದು ಶುರು ಮಾಡಿದಳು. ಬೈದದ್ದೆಲ್ಲ ನ್ಯಾಯವಾಗಿಯೇ ಇತ್ತು. ಆ ಕಾಗದದ ಚೂರು ನೋಡಿ ಸೊಸೆಯ ಹೊಟ್ಟೆ ಕುಯ್ಯಿಸಲು ತಾನು ಬಿಡುವುದಿಲ್ಲ, ಇನ್ನೊಂದು ತಿಂಗಳು ನೋಡೋಣ, ದೇವರು ಕೊಟ್ಟರೂ ಕೊಡಬಹುದು ಎಂದು ಬಾಗಿಲಿಗೆ ಅಡ್ಡ ಕೂತಳು.

ಎರ್ರಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅವನು ಒಂದೇ ಮಾತು ಕೇಳಿದ: "ಬಿಟ್ರೆ ಏನಾಗ್ತದೆ?"

"ಒಡೀಬಹುದಪ್ಪ. ಒಡೆದ್ರೆ ಉಳಿಯಲ್ಲ."

ಅವನು ತಾಯಿಯ ಕಡೆ ನೋಡಲೂ ಇಲ್ಲ. ಹಿತ್ತಲಿಗೆ ಹೋಗಿ ಎತ್ತು ಬಿಚ್ಚಿ ಗಾಡಿ ಕಟ್ಟಿದ.

(ಇಲ್ಲಿಗೆ ನಿಲ್ಲಿಸಿದ್ದೆ. ಗಾಡಿ ಬಂತು. ಈಗ ಮಂಗಳವಾರ ಮಧ್ಯಾಹ್ನ. ಹೆಣ್ಣು ಮಗು, ಆರೂವರೆ ಪೌಂಡು, ಇಬ್ಬರೂ ಸುಖವಾಗಿದ್ದಾರೆ. ನಾಡಿ ಹಿಡಿದೇ ಕೇಳಿದೆ.)

ಶಿಡ್ಲಘಟ್ಟದಲ್ಲಿ ನಮ್ಮ ಚಿಕ್ಕ ರೈಲು ಹತ್ತಿದೆವು. ನೀನೂ ನಾನೂ ಚಿಕ್ಕಬಳ್ಳಾಪುರದಿಂದ ಟ್ರೈನಿಂಗಿಗೆ ಹೋಗುವಾಗ ಅದು ಹೇಗೆ ತೆವಳುತ್ತಿತ್ತೋ ಈಗಲೂ ಹಾಗೇ ತೆವಳುತ್ತದೆ. ಕದಿರಮ್ಮ ಕಿಟಕಿಯ ಪಕ್ಕ ಕೂತಳು. ಎದುರು ಸೀಟಿನ ಹೆಂಗಸು ಬಳೆ ನೋಡಿ, "ಎಷ್ಟನೇ ತಿಂಗಳಮ್ಮ?" ಎಂದು ಕೇಳಿದಾಗ, "ಎಂಟು" ಎಂದು ಹೇಳಿ ತಲೆ ತಗ್ಗಿಸಿದಳು. ನಂದಿ ಬರುವವರೆಗೆ ನಾನು ಹೊರಗೆ ನೋಡುತ್ತಲೇ ಕೂತೆ.

ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯವರು. ನಮ್ಮ ಕಡೆ ನಿಮ್ಮ ಯಂತ್ರ ಎಲ್ಲಿಯದು? ತಟ್ಟಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಎಂಟು ತಿಂಗಳ ಹೊಟ್ಟೆಯಲ್ಲಿ ಮಗುವಿನ ಒಂದು ಮೂಳೆಯೂ ಕಾಣಿಸಲಿಲ್ಲ. ನಿನ್ನ ಫೋಟೋ ತೋರಿಸಿದೆ. ಡಾಕ್ಟರುಗಳ ಪತ್ರಿಕೆಯಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ನೋಡಿರಲಿಲ್ಲ ಎಂದು, ಅದನ್ನು ದೀಪಕ್ಕೆ ಹಿಡಿದು ಇನ್ನಿಬ್ಬರನ್ನು ಕರೆದು ತೋರಿಸಿದರು. ನಿನ್ನ ಸ್ನೇಹಿತೆಯಾದ್ದಕ್ಕೆ ನನಗೂ ಕುರ್ಚಿ ಸಿಕ್ಕಿತು.

ಆಪರೇಷನ್ನಿಗೆ ಮುಂಚೆ ಬಳೆ ತೆಗೆಯಬೇಕೆಂದರು. ನರ್ಸು ಒಡೆಯಲು ಹೋದಳು. ಕದಿರಮ್ಮ ಕೈ ಹಿಂದಕ್ಕೆಳೆದುಕೊಂಡು, "ಗಂಡ ಬದುಕಿದಾನೆ, ಒಡೀಬ್ಯಾಡಿ" ಎಂದಳು. ನಾನು ಸೋಪಿನ ನೀರು ತಂದು ಒಂದೊಂದಾಗಿ ಜಾರಿಸಿದೆ. ಅವಳು ಪ್ರತಿಯೊಂದನ್ನೂ ಎಣಿಸಿ ತನ್ನ ಸೆರಗಿಗೆ ಹಾಕಿಕೊಂಡಳು. ಎಲ್ಲ ಆದ ಮೇಲೆ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, "ಇದನ್ನ ನಮ್ಮತ್ತೆ ಕೈಗೆ ಕೊಡ್ಬೇಡಿ, ಅಳ್ತಾರೆ" ಎಂದಳು.

ಏಳು ಕಿಲೋ ತೂಗುವ ನೀರಿನ ಗಡ್ಡೆ ಕಣೇ. ಗೋಡೆ ಅಲ್ಲಲ್ಲಿ ಕಾಗದದಷ್ಟು ತೆಳುವಾಗಿತ್ತಂತೆ. "ಇನ್ನೊಂದು ತಿಂಗಳು ತಡೆದಿದ್ದರೆ ನೀವು ಬರುವ ಅಗತ್ಯವೇ ಇರುತ್ತಿರಲಿಲ್ಲ" ಎಂದರು ಡಾಕ್ಟರಮ್ಮ. ಕೆಟ್ಟ ಜಾತಿಯ ಗಡ್ಡೆಯಲ್ಲವೆಂದು ಆಮೇಲೆ ವರದಿ ಬಂತು. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ನಿನ್ನ ಹೆಸರು ಹೇಳಿ, ನಾನು ಯಾವ ದೇವರಿಗೂ ಹೇಳದಷ್ಟು ನಮಸ್ಕಾರ ಹೇಳಿದೆ.

ಸೆಪ್ಟೆಂಬರಿನಲ್ಲಿ ಕದಿರಮ್ಮ ಊರಿಗೆ ಬಂದಳು. ಆ ಮನೆಗೆ ಹೋಗಲು ನನಗೆ ಮುಖವಿರಲಿಲ್ಲ, ಅತ್ತ ಕಡೆ ಹೆರಿಗೆಗೆ ಕರೆದರೂ ಬಳಸಿಕೊಂಡು ಹೋಗುತ್ತಿದ್ದೆ. ಒಂದು ದಿನ ನಾನು ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದೇನೆ, ಚಿಕ್ಕಮುನಿಯಮ್ಮ ತಲೆಯ ಮೇಲೆ ಮೊರ ಹೊತ್ತುಕೊಂಡು ಬರುತ್ತಿದ್ದಾಳೆ! ಹಿಂದೆ ಕದಿರಮ್ಮ, ಸೊರಗಿ ಕಡ್ಡಿಯಾಗಿದ್ದಳು, ಆದರೆ ತನ್ನ ಕಾಲ ಮೇಲೆ ನಡೆದು ಬಂದಳು. ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ. ಹೆರಿಗೆ ಮಾಡಿಸಿದವಳಿಗೆ ನಮ್ಮ ಕಡೆ ಕೊಡುವ ಮೊರ, ನಿನಗೆ ಗೊತ್ತಲ್ಲ. ಹಂಗಿಸಲು ತಂದಿದ್ದಾಳೆ ಎಂದುಕೊಂಡೆ.

"ನನಗ್ಯಾಕೆ ಇದು ಚಿಕ್ಕಮುನಿಯಮ್ಮ? ಹೆರಿಗೆ ಎಲ್ಲಾಯ್ತು?" ಎಂದೆ.

"ಆಗ್ಲಿಲ್ಲ ಅಂತ ಯಾರಂದ್ರು?" ಮುದುಕಿ ಮೊರವನ್ನು ನನ್ನ ಮುಂದೆ ಇಳಿಸಿದಳು. "ನಾವು ಹೋಗಿದ್ದು ಮೊಮ್ಮಗೂಗೆ. ನೀವು ನಮ್ಮ ಸೊಸೇನೇ ಹೆತ್ತು ತಂದ್ಕೊಟ್ರಿ. ತಪ್ಪು ಮಾಡಿದೀನಿ ಅಂತ ಮನೆ ಬಾಗ್ಲಿಗೆ ಬಂದು ಹೇಳಿದೋರನ್ನ ನಾನು ಈ ವಯಸ್ಸಿನ ತನಕ ನೋಡಿಲ್ಲಮ್ಮ. ತಗೋ."

ಆಮೇಲೆ ಆ ಸ್ಕಾಟ್ಲೆಂಡಿನವರೂ ಹೊಟ್ಟೆಗೆ ಎಣ್ಣೆಯನ್ನೇ ಹಚ್ಚುತ್ತಾರೆಂದು ಸೊಸೆಯಿಂದ ಕೇಳಿ ತಿಳಿದಳಂತೆ. "ಹಚ್ಚಲಿ, ಹರಳೆಣ್ಣೆ ಇನ್ನೂ ವಾಸಿ ಅಂತ ಬರೀರಿ" ಎಂದು ನಿನಗೆ ಹೇಳಿಕಳಿಸಿದ್ದಾಳೆ. ನಿಮ್ಮ ದೊಡ್ಡ ಡಾಕ್ಟರಿಗೆ ತಪ್ಪದೆ ತಿಳಿಸು.

ಆ ಮೊರದಲ್ಲಿ ನಿನ್ನ ಪಾಲು ದೊಡ್ಡದು. ಅಕ್ಕಿ ಬೆಲ್ಲ ನಾವು ಪಾಯಸ ಮಾಡಿ ತಿಂದಾಯಿತು, ನಮ್ಮವರು ಎರಡು ಸಲ ಬಡಿಸಿಕೊಂಡರು. ಕಣವನ್ನು ಹಡಗಿನ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ. ಸಂಕ್ರಾಂತಿಯ ಹೊತ್ತಿಗೆ ಬಂದು ಮುಟ್ಟೀತು. ಕದಿರಮ್ಮ ಈಗ ಮತ್ತೆ ತಟ್ಟೆ ಎತ್ತುತ್ತಾಳೆ. ಆ ಹಸಿರು ಬಳೆಯನ್ನು ತಾನೇ ಕೇಳಿ ಇಸಿದುಕೊಂಡು, ಕೈಗೆ ಆರಾರು ಹಾಕಿಕೊಂಡಿದ್ದಾಳೆ. ಮಗುವಿನ ಆಸೆ ಅವಳಿಗೆ ಹೋಗಿದೆಯೆಂದು ನಾನು ಹೇಳಲಾರೆ. ಆದರೆ ಸೊಪ್ಪು ಹೆಚ್ಚುವಾಗ ಹಾಡು ಹೇಳಿಕೊಳ್ಳುತ್ತಾಳಂತೆ.

ಶಾಂತಾ, ಅಷ್ಟು ದೂರ ಕೂತು, ಡ್ಯೂಟಿ ಮುಗಿಸಿ ದಣಿದು, ನನ್ನಂಥವಳಿಗೆ ಇದನ್ನೆಲ್ಲ ಬಿಡಿಸಿ ಬರೆದೆಯಲ್ಲ, ನಿನ್ನ ಕೈ ತಂಪಾಗಿರಲಿ. ನೀನು ಮುಟ್ಟಿದ ತಾಯಂದಿರೆಲ್ಲ ಎದ್ದು ನಡೆಯಲಿ. ಆ ಯಂತ್ರ ಒಂದು ದಿನ ನಮ್ಮ ಶಿಡ್ಲಘಟ್ಟಕ್ಕೂ ಬರಲಿ, ಅದನ್ನು ಆಡಿಸುವವಳು ನೀನೇ ಆಗಿರಲಿ. ಬೆಚ್ಚಗೆ ಉಡುಗೆ ತೊಡು. ಹೊಟ್ಟೆ ತುಂಬ ಉಣ್ಣು.

ನಿನ್ನ,
ಶ್ಯಾಮಲಾ

ತಾ.ಕ. ಹೆಸರು ಹಾಕಿ ಎರಡು ದಿನವಾಯಿತು. ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ.

ನಿನ್ನ ಮಂಗಮ್ಮ ಎಂಟನೆಯ ತಿಂಗಳಲ್ಲಿ, ಆಗ ಮಂಚೇನಹಳ್ಳಿಯಲ್ಲಿದ್ದ ನನ್ನ ಕ್ವಾರ್ಟರ್ಸಿಗೆ ಬಂದದ್ದು ಒಂದು ಮಂಗಳವಾರ. ಎರಡು ದಿನದಿಂದ ಮಗು ಅಲುಗಾಡಿಲ್ಲ ಅಕ್ಕ, ಮೈಯೂ ಬೆಚ್ಚಗಿದೆ ಎಂದಳು. ಕೊಳವೆಯಿಟ್ಟು ಕೇಳಿದೆ. ಟಕ ಟಕ ಎಂದು ಬೇಗಬೇಗ ಬಡಿಯಿತು. "ಮಗು ಚೆನ್ನಾಗಿದೆ ಕಣೇ, ನಿದ್ದೆ ಮಾಡ್ತಿದೆ. ಗಂಜಿ ಕುಡಿದು ಮಲಗು ಹೋಗು" ಎಂದು ಕಳಿಸಿದೆ. ಶನಿವಾರ ತೀರಿಹೋದಳು. ಮಂಗಳವಾರದವರೆಗೂ ಮಗುವಿನ ಎದೆ ಗಟ್ಟಿಯಾಗಿತ್ತು, ಆಮೇಲೆ ಇದ್ದಕ್ಕಿದ್ದಂತೆ ಜ್ವರ ಏರಿತು ಎಂದು ನಿನಗೂ ಅಮ್ಮನಿಗೂ ನಾನು ಹೇಳಿದೆ. ಸುಳ್ಳು ಹೇಳಲಿಲ್ಲ, ನಂಬಿದ್ದೆ. ಕದಿರಮ್ಮನ ಮನೆಯಲ್ಲಿ ಕಿವಿಯದೂ ಬೆರಳಿನದೂ ಒಂದಾದಾಗ ನನಗೆ ಕೇಳಿಸಿದ್ದು ಮಂಗಮ್ಮನ ನಾಡಿ. ಜ್ವರದಲ್ಲಿ ತಾಯಿಯ ನಾಡಿ ಮಗುವಿನದರಷ್ಟೇ ಓಡುತ್ತದೆ. ಒಳಗೆ ಮಗು ಆಗಲೇ ಹೋಗಿತ್ತು. ಅವತ್ತೇ ಬೆಂಗಳೂರಿಗೆ ಕಳಿಸಿದ್ದರೆ ಅವಳಾದರೂ ಉಳಿಯುತ್ತಿದ್ದಳೇನೋ. ನಾನು ಅವಳ ಕೈ ಹಿಡಿದಿರಲಿಲ್ಲ.

ಆ ಸಾಲಿನ ಕೆಳಗೆ ಕೆಂಪು ಗೆರೆ ಯಾಕೆ ಎಳೆದೆ? ನಿನಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ಇಷ್ಟು ವರ್ಷ "ಪ್ರೀತಿಯ ಶ್ಯಾಮಲಾ" ಎಂದೇ ಬರೆದೆಯಾ? ಅಮ್ಮನಿಗೆ ಹೇಳು ಎಂದರೆ ನಾನೇ ಹೋಗಿ ಅವರ ಮುಂದೆ ಕೂತು ಹೇಳುತ್ತೇನೆ.

ಪಾರ್ಸೆಲ್ಲಿನಲ್ಲಿ ಎರಡು ಕಣ ಇರುತ್ತವೆ. ಹಸಿರಿನದು ಚಿಕ್ಕಮುನಿಯಮ್ಮ ತಂದದ್ದು. ಕೆಂಪಿನದು, ಮಂಗಮ್ಮನ ಕಾರ್ಯ ಮುಗಿದ ಮೇಲೆ, ಕೊನೆಯವರೆಗೂ ನೋಡಿಕೊಂಡೆಯಲ್ಲಮ್ಮ ಎಂದು ನಿಮ್ಮಮ್ಮ ಕಳಿಸಿದ ಮೊರದಲ್ಲಿದ್ದದ್ದು. ನಾನು ತೆಗೆದುಕೊಂಡಿದ್ದೆ. ಎಂಟು ವರ್ಷ ಹೊಲಿಸದೆ ಪೆಟ್ಟಿಗೆಯಲ್ಲಿಟ್ಟಿದ್ದೆ, ಯಾಕೆಂದು ಕೇಳಿದ್ದರೆ ಹೇಳಲು ತಿಳಿಯುತ್ತಿರಲಿಲ್ಲ. ಅದನ್ನು ವಾಪಸು ತೆಗೆದುಕೋ ಶಾಂತಾ. ಹಸಿರಿನದನ್ನು ಮಾತ್ರ ಹೊಲಿಸಿಕೊಂಡು ಹಾಕಿಕೋ.